ಕೋಲು ಕೆಳಗಿಡುವ ತನಕ

೨೯ ಜುಲೈ ೧೯೯೬

ಇವತ್ತಿನಿಂದ ಚಾತುರ್ಮಾಸ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನನಗೆ ಮೌನ. ಬೇಡಿ ತಂದ ನೇಮವಲ್ಲ, ಬಸದಿಯಲ್ಲಿ ತಂಗಿರುವ ಸನ್ಯಾಸಿನಿ ಮಾತಾಜಿಯವರು ತಾವಾಗಿಯೇ ಕೊಟ್ಟದ್ದು. ಅಲ್ಲೇ ಹತ್ತು ಹೆಂಗಸರ ಮುಂದೆ ಹೇಳಿದರು: “ಹೀರಾಬಾಯಿ, ನೀವು ಇರುವಿ ತುಳಿಯಂಗಿಲ್ಲ, ಉಳ್ಳಾಗಡ್ಡಿ ಮುಟ್ಟಂಗಿಲ್ಲ. ಆದ್ರ ನಿಮ್ಮ ನಾಲಿಗಿಲೆ ದಿನಾ ಎಷ್ಟು ಮಂದಿಗೆ ಗಾಯ ಆಗ್ತಾವ, ಖಬರ ಐತೇನು?” ಹತ್ತೂ ಜನ ನಕ್ಕರು. ಅವರಲ್ಲಿ ಮೂವರಿಗೆ ನೆಟ್ಟಗೆ ಸೆರಗು ಹೊದೆಯಲು ಬರುವುದಿಲ್ಲ. ಒಬ್ಬಳ ಮನೆಯ ಸಾರು ಬಾಯಿಗೆ ಹಾಕುವಂತಿಲ್ಲ. ಹೇಳಬೇಕೆನ್ನುವಷ್ಟರಲ್ಲಿ ಹನ್ನೆರಡು ಹೊಡೆಯಿತು.

ಅದಕ್ಕೇ ಬರೆಯುತ್ತಿದ್ದೇನೆ. ಡೈರಿ ಮಗ ನೇಮಿನಾಥನಿಗೆ ಗೊಬ್ಬರದ ಕಂಪನಿಯವರು ಕೊಟ್ಟದ್ದು. ನಾನು ಶೇಡಬಾಳದ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ ಮುಗಿಸಿದವಳು. ಮಗ, ಸೊಸೆ, ಮೊಮ್ಮಗಳು ಎಲ್ಲರೂ ಮರಾಠಿ ಶಾಲೆಯವರು. ಕನ್ನಡ ಆಡುತ್ತಾರೆ, ಓದಲು ಬರುವುದಿಲ್ಲ. ಇದಕ್ಕೆ ಬೀಗ ಬೇಕಿಲ್ಲ.

ಮಾಳಿಗೆಯ ಮೇಲೆ ಮೊಮ್ಮಗಳು ಋತುಜಾ ಬಡಿಯುತ್ತಿದ್ದಾಳೆ. ಇಪ್ಪತ್ಮೂರು ವರ್ಷದ ಹೆಣ್ಣು. ಬಿ.ಕಾಂ. ಓದೆಂದು ಪುಣೆಗೆ ಕಳಿಸಿದರೆ ಗೋವೆಯ ಮಾಸ್ತರನೊಬ್ಬನ ಹತ್ತಿರ ಡ್ರಮ್ ಕಲಿತಳು. ಮೂರು ವರ್ಷ ಪುಣೆ, ಮುಂಬೈಯ ದೊಡ್ಡ ಹೋಟೆಲುಗಳಲ್ಲಿ ಬಾರಿಸಿದಳು. ಜಾಝ್ ಅಂತ ಅದರ ಹೆಸರು. ತಾಳ ಇದೆಯಂತೆ, ಆದರೆ ಯಾವಾಗ ಯಾವ ಕಡೆ ಹೊರಳುತ್ತದೆಂದು ಬಾರಿಸುವವರಿಗೇ ಗೊತ್ತಿರುವುದಿಲ್ಲವಂತೆ. ಗೊತ್ತಿಲ್ಲದ್ದನ್ನು ಬಾರಿಸಲು ಹೋಟೆಲಿನವರು ಪಗಾರ ಕೊಡುತ್ತಾರೆ. ಲಗ್ನ ಮಾಡಬೇಕೆಂದು ಜೂನ್‌ನಲ್ಲಿ ನೇಮಿನಾಥ ಮನೆಗೆ ಕರೆಸಿದ. ಬರುವಾಗ ಡ್ರಮ್ಮುಗಳನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದಳು.

ಹೊಸ್ತಿಲಲ್ಲೇ ತಡೆದಿದ್ದೆ. “ಚರ್ಮ ಏನು? ಚರ್ಮ ಇದ್ರ ಈ ಮನಿಯೊಳಗ ಬರಂಗಿಲ್ಲ.”

“ಪ್ಲಾಸ್ಟಿಕ್ ಅದ, ಆಯಿ. ಮುಟ್ಟಿ ನೋಡು.”

ಮುಟ್ಟಿ ನೋಡಿದೆ, ಮೂಸಿಯೂ ನೋಡಿದೆ. ಪ್ಲಾಸ್ಟಿಕ್ಕೇ. ಬೇರೆ ನೆಪ ಸಿಗಲಿಲ್ಲ.

೬ ಆಗಸ್ಟ್

ಇಚಲಕರಂಜಿಯವರು ಹೆಣ್ಣು ನೋಡಲು ಬಂದಿದ್ದರು. ಹುಡುಗ ಹರ್ಷದ. ನಲವತ್ತು ಮಗ್ಗಗಳಿವೆ, ಕತ್ತು ಮಾತ್ರ ಇಲ್ಲ. ಸೊಸೆ ಅನುಸೂಯಾ ಅವಲಕ್ಕಿ ಕೊಟ್ಟಳು. ಹುಡುಗನ ತಾಯಿ ಕೇಳಿದಳು, “ಲಗ್ನಾದ ಮ್ಯಾಲೂ ಬಾರಸ್ತೀಯೇನವಾ?”

“ಲಗ್ನದಾಗೂ ಬಾರಸ್ತೀನ್ರೀ. ನಿಮಗ ಬ್ಯಾಂಡಿನವರ ಖರ್ಚು ಉಳೀತದ.”

ಹರ್ಷದನೊಬ್ಬನೇ ನಕ್ಕ. ತಾಯಿ ಕಣ್ಣು ಬಿಟ್ಟ ಕೂಡಲೇ ಅವನ ನಗೆ ಅಲ್ಲೇ ಸತ್ತಿತು. ಯೋಚಿಸಿ ಹೇಳುತ್ತೇವೆ ಎಂದು ಎದ್ದರು. ಆಗಿನ್ನೂ ಒಂದು ಗಂಟೆ, ನನಗೆ ಮೌನ. ಒಳಗೆ ಕುದಿಯುತ್ತಿರುವುದನ್ನೆಲ್ಲ ಮೂರರವರೆಗೆ ಹಿಡಿದಿಟ್ಟುಕೊಂಡೆ. ಮೂರು ಹೊಡೆದ ಮೇಲೆ ನೋಡಿದರೆ ಅದು ಮಾತಿಗೆ ದಕ್ಕದಷ್ಟು ಬೆಳೆದಿತ್ತು.

೭ ಆಗಸ್ಟ್

ಬೆಳಿಗ್ಗೆ ಬಸದಿಗೆ ಹೋಗಿ, ಸ್ವಾಮಿಯ ಮುಂದೆ ಅಕ್ಕಿ ಇಟ್ಟು, ಗಟ್ಟಿಯಾಗಿ ಹೇಳಿ ನಾನೇ ನೇಮ ಹಿಡಿದೆ. ಋತುಜಾ ಕೋಲು ಕೆಳಗಿಟ್ಟು ಇನ್ನು ಬಾರಿಸೆನೆಂದು ಹೇಳುವ ತನಕ ನನ್ನ ಬಾಯಿಂದ ಒಂದು ಅಕ್ಷರ ಹೊರಡುವುದಿಲ್ಲ. ಮಾತಾಜಿಯವರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರು.

ಮನೆಗೆ ಬಂದು ಸೊಸೆಯ ಮುಂದೆ ಕೈಸನ್ನೆ ಮಾಡಿದೆ. ಅವಳಿಗೆ ತಿಳಿಯಲಿಲ್ಲ. ಬರೆದು ತೋರಿಸೋಣವೆಂದರೆ ನನ್ನ ಅಕ್ಷರ ಯಾರಿಗೂ ಬಾರದು. ಕೊನೆಗೆ ಸಮಡೋಳಿಯ ತರಕಾರಿ ಮಾರುವ ಸಖುಬಾಯಿ ಬಂದು, ಬಸದಿಯ ಬಾಗಿಲಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು. ನೇಮಿನಾಥ ತಲೆ ಹಿಡಿದುಕೊಂಡು ಕುಳಿತ.

ಋತುಜಾ ನನ್ನ ಎದುರು ನಿಂತಳು. “ಆಯಿ, ನೀರೂ ಸೋಸಿ ಕುಡಿಯಾಕಿ ನೀನು. ಇದು ಹಿಂಸಾ ಅಲ್ಲೇನು?”

ಉತ್ತರ ನಾಲಿಗೆಯ ತುದಿಗಿತ್ತು. ನುಂಗಿದೆ.

ಸಂಜೆ ನೇಮಿನಾಥ ತೀರ್ಪು ಕೊಟ್ಟ. ಅಕ್ಟೋಬರ್ ಇಪ್ಪತ್ತೇಳಕ್ಕೆ ಮಿರಜಿನಲ್ಲಿ ಇವಳ ಕಾರ್ಯಕ್ರಮವಿದೆ. ಪಿಯಾನೋ ಕಲಿಸುವ ಮಾಸ್ತರನೊಬ್ಬ ಸಭಾಗೃಹ ಹಿಡಿದಿದ್ದಾನೆ. ಮದುವೆ ಬ್ಯಾಂಡಿನ ದಾದಾಸಾಹೇಬ ಸ್ಯಾಕ್ಸೋಫೋನ್ ಊದುತ್ತಾನೆ. ಮುಂಬೈಯಿಂದ ಒಂದು ತಂಡದ ಯಜಮಾನ ಇವಳು ಬಾರಿಸುವುದನ್ನು ಕೇಳಲು ಬರುತ್ತಾನೆ. ಮೆಚ್ಚಿದರೆ ತಂಡದಲ್ಲಿ ಕಾಯಂ ಜಾಗ. “ಅಂವ ಮೆಚ್ಚಿದ್ರ ನೋಡೋಣು,” ಎಂದ ನೇಮಿನಾಥ. “ಮೆಚ್ಚಲಿಲ್ಲಂದ್ರ ಅವತ್ತ ಕೋಲು ಕೆಳಗ. ಇಚಲಕರಂಜಿಯವರು ಹೂಂ ಅಂದ್ರ ನಾವೂ ಹೂಂ ಅನ್ನೂದು. ಅವ್ವಗ ಮಾತು ಬರ್ತಾವ.”

ಎಂಬತ್ತೊಂದು ದಿನ. ತಡೆದೇನು.

೧೯ ಆಗಸ್ಟ್

ಪಕ್ಕದ ಹಳೆ ಬಂಗಲೆ ಕೆಡವಿ ಐದು ಮಜಲಿನ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ದಿನವಿಡೀ ಗುಡುಗುಡು. ನಮ್ಮ ಬಡಾವಣೆ ವಿಶ್ರಾಮಬಾಗದಲ್ಲಿ ಈಗ ಆಕಾಶ ನೋಡಬೇಕೆಂದರೂ ಅಂಗಳಕ್ಕೆ ಬರಬೇಕು.

ಮಧ್ಯಾಹ್ನ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಒಲೆಯ ಮೇಲೆ ಹಾಲು, ಅನುಸೂಯಾ ಟಿ.ವಿ. ಮುಂದೆ. ಉಕ್ಕುವುದು ಇಲ್ಲಿಂದಲೇ ಕಾಣುತ್ತಿತ್ತು. ‘ಅನುಸೂಯಾ, ಹಾಲು ನೋಡಬಾರದೇನ, ಕಣ್ಣು ಟಿ.ವಿ.ಗೆ ಅಡವಿಟ್ಟೀಯೇನ?’ ಎಂದು ಗಂಟಲವರೆಗೆ ಬಂದಿತ್ತು.

ಮೇಲೆ ಡ್ರಮ್ಮು ಅದನ್ನೇ ಹೇಳಿತು.

ಬರೆಯಲು ನಾಚಿಕೆಯಾಗುತ್ತದೆ. ಆದರೆ ನನ್ನ ಬೈಗುಳ ನನಗೆ ಗೊತ್ತಿಲ್ಲವೇ? ಹೆಸರು ಹಿಡಿದು ಎಳೆಯುವುದು, ನಡುವೆ ಉಸಿರು ನಿಲ್ಲಿಸುವುದು, ಕೊನೆಯ ಮಾತಿಗೆ ಕುಟ್ಟುವುದು. ಅದೇ ಎಳೆತ, ಅದೇ ನಿಲುಗಡೆ, ಅದೇ ಕುಟ್ಟು. ಹಾಲು ಉಕ್ಕಿ ಒಲೆ ಆರಿತು. ನಾನು ಅಕ್ಕಿಯಲ್ಲಿ ಕೈ ಇಟ್ಟುಕೊಂಡು ಹಾಗೇ ಕುಳಿತಿದ್ದೆ.

೩೧ ಆಗಸ್ಟ್

ಹನ್ನೆರಡು ದಿನ ಪರೀಕ್ಷೆ ಮಾಡಿದೆ.

ಒಳಗೆ ನೇಮಿನಾಥನನ್ನು ಬೈದರೆ ದಪ್ಪ ಡ್ರಮ್ಮಿನಲ್ಲಿ ಬರುತ್ತದೆ. ಅನುಸೂಯಾಳನ್ನು ಬೈದರೆ ಸಣ್ಣದರಲ್ಲಿ. ಸಖುಬಾಯಿಯ ಬದನೆಕಾಯಿಯ ಹುಳುಕು ಎತ್ತಿದರೆ ತಾಳದಂಥ ಎರಡು ತಟ್ಟೆಗಳಿವೆಯಲ್ಲ, ಕಾಲಿನಿಂದ ಕಚ್ಚಿಸುವವು, ಅವುಗಳಲ್ಲಿ. ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿದರೆ ಡ್ರಮ್ಮು ಸುಮ್ಮನಿರುತ್ತದೆ. ಹುಡುಗಿ ಕೋಲು ಬದಲಿಸುತ್ತಾಳೆ, ನೀರು ಕುಡಿಯುತ್ತಾಳೆ. ನಾನು ಮತ್ತೆ ಯಾರನ್ನಾದರೂ ಹಿಡಿದರೆ ಅವಳೂ ಹಿಡಿಯುತ್ತಾಳೆ.

ನಮ್ಮಲ್ಲಿ ದೆವ್ವ ಭೂತದ ಮಾತಿಲ್ಲ. ಜೀವ ಒಂದು ಶರೀರ ಬಿಟ್ಟ ಕ್ಷಣವೇ ಇನ್ನೊಂದನ್ನು ಸೇರುತ್ತದೆ, ಅಲೆದಾಡಲು ಪುರುಸೊತ್ತಿಲ್ಲ. ಅದು ಚರ್ಮವಾಗಿದ್ದರೆ ಯಾವುದೋ ಜೀವದ ನಂಟು ಎನ್ನಬಹುದಿತ್ತು. ಪ್ಲಾಸ್ಟಿಕ್ಕಿಗೆ ಏನೆನ್ನಲಿ?

೧೨ ಸೆಪ್ಟೆಂಬರ್

ಹನ್ನೆರಡೂ ಇಪ್ಪತ್ತಾದರೂ ಬಡಿತ ಶುರುವಿಲ್ಲ. ಕಾರ್ಯಕ್ರಮಕ್ಕೆ ಉಳಿದದ್ದು ನಲವತ್ತೈದು ದಿನ. ಹೀಗೆ ಮಲಗಿದರೆ ತಯಾರಾಗುವುದು ಯಾವಾಗ? ಗಂಜಿ ಕೊಡುವ ನೆಪದಲ್ಲಿ ಮೇಲೆ ಹೋಗಿ ಎಬ್ಬಿಸಿದೆ.

ನನಗೇನು, ಗಂಜಿ ಆರುತ್ತದೆಂದು ಎಬ್ಬಿಸಿದೆ ಅಷ್ಟೇ.

೨೩ ಸೆಪ್ಟೆಂಬರ್

ಇವತ್ತು ನಾನು ಯಾರನ್ನೂ ಬೈದಿರಲಿಲ್ಲ. ಹೊರಗೆ ಬಿಸಿಲು ಬಿದ್ದಿತ್ತು. ಅಪಾರ್ಟ್‌ಮೆಂಟಿನ ಕೆಲಸದವರು ಊಟಕ್ಕೆ ಹೋಗಿದ್ದರು. ಎರಡು ಗಂಟೆ ಇರಬಹುದು. ತೂಕಡಿಸುತ್ತಿದ್ದೆ.

ಮೇಲಿನಿಂದ ಬಂತು. ದಪ್ಪ ಡ್ರಮ್ಮಿನಲ್ಲಿ ಎರಡು ಪೆಟ್ಟು. ಹೋಗು. ಆಮೇಲೆ ಸಣ್ಣದರಲ್ಲಿ, ಬಾಗಿಲು ಮುಚ್ಚುವಷ್ಟು ನಿಧಾನ. ಹೊಳ್ಳಿ ಬರಬ್ಯಾಡ.

ಈ ಮಾತನ್ನು ನಾನು ಒಂದೇ ಸಲ ಆಡಿದ್ದೇನೆ. ಮೂವತ್ತೆಂಟು ವರ್ಷದ ಹಿಂದೆ, ಆಗ ನಾವಿದ್ದ ಸಮಡೋಳಿಯ ಮನೆಯ ಹೊಸ್ತಿಲಲ್ಲಿ, ಇಂಥದೇ ಮಧ್ಯಾಹ್ನ. ನನ್ನ ಹಿರಿಮಗಳು ಮಾಣಿಕ ಗಂಡನ ಮನೆಯಿಂದ ಒಬ್ಬಳೇ ನಡೆದು ಬಂದಿದ್ದಳು. ಹದಿನಾರು ವರ್ಷ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಓಣಿಯ ಮಂದಿ ನೋಡುತ್ತಾರೆಂದು ನನಗೆ ಸಿಟ್ಟು. ನೀರೂ ಕೊಡಲಿಲ್ಲ. ಆ ಮಾತು ಆಡಿ ಬಾಗಿಲು ಹಾಕಿದೆ. ನಮ್ಮ ಯಜಮಾನರು ಆದಪ್ಪನವರು ಹೊಲದಲ್ಲಿದ್ದರು. ನೇಮಿನಾಥ ಒಂಬತ್ತು ವರ್ಷದವ, ಶಾಲೆಗೆ ಹೋಗಿದ್ದ. ಬಹಳ ಹೊತ್ತು ಹೊರಗೆ ನಿಂತಿದ್ದಳು. ಬಾಗಿಲ ಸಂದಿಯಲ್ಲಿ ನೆರಳು ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ. ಆರು ತಿಂಗಳಿಗೆ, ಹೆರಿಗೆಯಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು.

ಬಂದಿದ್ದಳೆಂದು ಯಾರಿಗೂ ಹೇಳಿಲ್ಲ. ಯಜಮಾನರಿಗೂ ಹೇಳಿಲ್ಲ. ಅವರು ಹೋಗಿ ಹನ್ನೊಂದು ವರ್ಷವಾಯಿತು.

೨೪ ಸೆಪ್ಟೆಂಬರ್

ಮತ್ತೆ. ಎರಡು ಗಂಟೆಗೇ.

೨೫ ಸೆಪ್ಟೆಂಬರ್

ಮತ್ತೆ.

೫ ಅಕ್ಟೋಬರ್

ಋತುಜಾ ತಾನಾಗಿ ಬಂದು ನನ್ನ ಹತ್ತಿರ ಕುಳಿತಳು. ಬೆರಳಿಗೆಲ್ಲ ಬೊಬ್ಬೆ. ಕೊಬ್ಬರಿ ಎಣ್ಣೆ ಹಚ್ಚಿದೆ.

“ಆಯಿ, ಒಂದು ಮಾತ ಕೇಳ್ತೀನಿ. ನಗಬ್ಯಾಡ. ಮ್ಯಾಲ ನಾ ಬಾರಸೂದು ನಾ ಬಾರಸಾಕತ್ತಿಲ್ಲ.”

ಎಣ್ಣೆಯ ಬಟ್ಟಲು ಕೆಳಗಿಟ್ಟೆ.

“ಮಧ್ಯಾಹ್ನ ನೀ ಕೆಳಗ ಕುಂತಿರ್ತಿಯಲ್ಲಾ, ಆವಾಗ ಕೈಗೆ ತಾನ ಬರ್ತದ. ಜನ್ಮದಾಗ ನಾ ಇಷ್ಟು ಚಲೋ ಬಾರಿಸಿಲ್ಲ. ಆದ್ರ ಮಿರಜಕ್ಕ ಹೋಗಿ ಪ್ರಾಕ್ಟೀಸಿಗೆ ಕುಂತ್ರ ಏನೂ ಬರೂದಿಲ್ಲ. ಕೈ ಅಂದ್ರ ಕಟಗಿ. ದಾದಾಸಾಹೇಬಕಾಕಾ ಅಂದ್ರು, ಏನ ಪೋರಿ, ಕೈ ಮನ್ಯಾಗ ಇಟ್ಟ ಬಂದೀಯೇನು ಅಂತ.” ಮಾಳಿಗೆಯ ಕಡೆ ನೋಡಿದಳು. “ದಿನಾ ಎರಡು ಗಂಟೆಕ್ಕ ಒಂದು ಬರ್ತದ ನೋಡು. ಸಣ್ಣದು. ಅದು ಬಂದಾಗ ನನಗ ಅಂಜಿಕಿ ಆಗ್ತದ. ಯಾರೋ ಹೊರಗ ನಿಂತಂಗ.”

ಅವಳ ಕೈ ಬಿಟ್ಟೆ. ಬಿಟ್ಟ ಮೇಲೆ ಮತ್ತೆ ಹಿಡಿದುಕೊಂಡೆ.

“ನೀ ಮಿರಜಕ್ಕ ಬಾ, ಆಯಿ. ಸುಮ್ಮನ ಕುಂದ್ರು. ಆಮ್ಯಾಲ ನಿನ್ನ ನೇಮದಂಗ ಆಗಲಿ.”

ಎಂಥ ಹುಚ್ಚು ಹುಡುಗಿ. ತನ್ನನ್ನು ನಿಲ್ಲಿಸಬೇಕೆಂದು ಬಾಯಿ ಹೊಲಿದುಕೊಂಡವಳನ್ನೇ ಜೊತೆಗೆ ಕರೆಯುತ್ತಾಳೆ. ಬರುತ್ತೇನೆಂದು ತಲೆಯಾಡಿಸಿದ್ದೇನೆ. ಮಿರಜಿಗೆ ಹೋಗದೆ ಬಹಳ ದಿನವಾಯಿತು, ಅದಕ್ಕೆ.

೧೩ ಅಕ್ಟೋಬರ್

ಮಿರಜಿನ ಪ್ರಾಕ್ಟೀಸಿಗೆ ಹೋಗಿದ್ದೆ. ದಾದಾಸಾಹೇಬ ನನಗೆ ಕುರ್ಚಿ ಹಾಕಿಕೊಟ್ಟ. ಬ್ಯಾಂಡಿನ ಕೆಂಪು ಅಂಗಿಯಲ್ಲೇ ಬಂದಿದ್ದ. ಬೆಳಿಗ್ಗೆ ಒಂದು ಮೆರವಣಿಗೆ ಮುಗಿಸಿದ್ದನಂತೆ. ನಾನು ಮೊದಲು ಅವನ ಅಂಗಿಯನ್ನೇ ಹಿಡಿದೆ, ಮನಸ್ಸಿನಲ್ಲಿ. ಆಮೇಲೆ ಪಿಯಾನೋ ಮಾಸ್ತರನ ಕೂದಲನ್ನು. ಹುಡುಗಿಯ ಕೈ ಬಿಚ್ಚಿತು ನೋಡು!

ದಾದಾಸಾಹೇಬ ವಾದ್ಯ ಬಾಯಿಂದ ತೆಗೆದು ನಿಂತುಬಿಟ್ಟ. ಮುಗಿದ ಮೇಲೆ ನನ್ನ ಹತ್ತಿರ ಬಂದ. “ಆಯಿ, ನಲವತ್ತು ವರ್ಷ ಊದೇನ್ರಿ. ಡ್ರಮ್ಮು ಬೈದಂಗ ಕೇಳಿದ್ದು ಇವತ್ತ ಮೊದಲು. ನನಗ ಬೈತೋ ಏನೋ ಅನಸ್ತು.” ಅಂಗಿಯ ಗುಂಡಿ ಹಾಕಿಕೊಂಡ.

ಬ್ರಶ್ಶು ಅಂತ ಒಂದಿದೆ, ತಂತಿಯ ಸಣ್ಣ ಕಸಬರಿಗೆಯಂಥದು. ಅದರಿಂದ ಡ್ರಮ್ಮನ್ನು ಸವರುತ್ತಾರೆ. ಎರಡನೆಯ ಹಾಡಿನಲ್ಲಿ ಅದನ್ನು ಒಂದು ಉಸಿರಿನಷ್ಟು ತಡವಾಗಿ ಎತ್ತಿಕೊಂಡಳು. ಮನೆಗೆ ಬಂದು ಕೈಸನ್ನೆಯಲ್ಲಿ ತೋರಿಸಿದೆ. “ನಿನಗ ಹ್ಯಾಂಗ ತಿಳೀತು?” ಎಂದು ಬೆರಗಾದಳು. ಕಸ ಗುಡಿಸುವುದು ನನಗೆ ಗೊತ್ತಿಲ್ಲವೇ?

೨೮ ಅಕ್ಟೋಬರ್

ನಿನ್ನೆಯದನ್ನು ಇವತ್ತು ಬರೆಯುತ್ತೇನೆ. ಹೊತ್ತು ಮುಳುಗುವ ಮೊದಲೇ ಉಂಡು ಹೊರಟಿದ್ದೆವು. ಆರು ಗಂಟೆಗೆ ಸಭಾಗೃಹ ತುಂಬಿತ್ತು. ವಾದ್ಯ ಮಾಡುವವರು, ಡಾಕ್ಟರರು, ಕಾಲೇಜಿನ ಹುಡುಗರು, ದಾದಾಸಾಹೇಬನ ಇಡೀ ಬ್ಯಾಂಡು. ನಾನು ಎರಡನೆಯ ಸಾಲಿನಲ್ಲಿ. ಎಡಕ್ಕೆ ನೇಮಿನಾಥ, ಬಲಕ್ಕೆ ಅನುಸೂಯಾ. ಮುಂಬೈಯವನು ಮುಂದಿನ ಕುರ್ಚಿಯಲ್ಲಿ ಪೆನ್ನು ಹಿಡಿದು ಕುಳಿತಿದ್ದ. ಪೋನಿಟೇಲಿನ ಗಂಡಸು.

ಮೂರನೆಯ ಹಾಡಿನಲ್ಲಿ ಉಳಿದವರೆಲ್ಲ ನಿಲ್ಲಿಸಿದರು. ಇನ್ನು ಇವಳೊಬ್ಬಳೇ ಬಾರಿಸಬೇಕು. ಋತುಜಾ ದೀಪದ ಕೆಳಗಿನಿಂದ ಕತ್ತಲಲ್ಲಿ ನನ್ನನ್ನು ಹುಡುಕಿದಳು. ನಾನು ಪೋನಿಟೇಲಿನಿಂದ ಶುರುಮಾಡಿದೆ. ಇಚಲಕರಂಜಿಯ ಹುಡುಗನ ತಾಯಿಯನ್ನು ಎಳೆದು ತಂದೆ, ಬಸದಿಯ ಹತ್ತು ಹೆಂಗಸರನ್ನು, ಅಪಾರ್ಟ್‌ಮೆಂಟಿನ ಗುತ್ತಿಗೆದಾರನನ್ನು. ಎಂಬತ್ತು ದಿನ ನುಂಗಿದ್ದೆಲ್ಲ ಹೊರಬಂತು. ಮಂದಿ ನಗುತ್ತಿದ್ದರು. ಯಾಕೆ ನಗುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ಚಪ್ಪಾಳೆಯ ಮೇಲೆ ಚಪ್ಪಾಳೆ.

ಆಗ ಅದು ಬಂತು. ಎರಡು ಗಂಟೆಯದು, ಹೊಸ್ತಿಲಿನದು. ಇಷ್ಟು ಜನರ ಮುಂದೆ ಬೇಡವೆಂದು ಹಲ್ಲು ಕಚ್ಚಿ ಹಿಡಿದೆ. ಣಮೋಕಾರ ಹೇಳಿದೆ.

ಡ್ರಮ್ಮು ನಿಂತಿತು.

ಹುಡುಗಿ ಎರಡೂ ಕೋಲು ಮೇಲೆತ್ತಿ ಹಾಗೇ ಇದ್ದಾಳೆ. ಮೊದಲು ಮಂದಿ ಇದೂ ಆಟವೆಂದುಕೊಂಡರು. ಆಮೇಲೆ ಯಾರೋ ಕೆಮ್ಮಿದರು. ಪಿಯಾನೋ ಮಾಸ್ತರ ಹೊರಳಿ ನೋಡಿದ. ಮುಂಬೈಯವನು ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ.

ನಾನು ಸುಮ್ಮನೆ ಕುಳಿತರೆ ಸಾಕಿತ್ತು. ಅವಳು ಕೋಲು ಕೆಳಗಿಡುತ್ತಾಳೆ. ನಾಳೆ ಬೆಳಿಗ್ಗೆ ನನಗೆ ಮಾತು ಬರುತ್ತದೆ. ನಾನು ಬೇಡಿದ್ದು ಇದನ್ನೇ. ಅವಳ ಮುಖ ನೋಡಿದೆ. ಬಾಗಿಲು ಹಾಕಿದ ಮೇಲೆ ಮಾಣಿಕಳ ಮುಖ ಹೇಗಿತ್ತೆಂದು ನಾನು ನೋಡಿಲ್ಲ. ಹೀಗಿದ್ದಿರಬೇಕು.

ಬಿಟ್ಟೆ.

ಹೋಗು, ಹೊಳ್ಳಿ ಬರಬ್ಯಾಡ. ಇಡೀ ಸಭಾಗೃಹದಲ್ಲಿ, ದಪ್ಪ ಡ್ರಮ್ಮಿನ ಮೇಲೆ. ನನ್ನ ಎದೆಯ ಮೇಲೆ ಬಿದ್ದಂತೆ ಬಿತ್ತು. ಅಷ್ಟಕ್ಕೇ ಬಿಡಲಾಗಲಿಲ್ಲ. ಅವತ್ತು ಆಡಬೇಕಾಗಿದ್ದ ಮಾತು ಒಂದಿತ್ತಲ್ಲ, ಅದನ್ನೂ ಆಡಿದೆ. ಮಾಣಿಕಾ, ಹೊಳ್ಳಿ ಬಾ. ಮಾಣಿಕಾ, ಹೊಳ್ಳಿ ಬಾ. ಹುಡುಗಿ ಕೋಲು ಬಿಟ್ಟು ಬ್ರಶ್ಶು ಎತ್ತಿಕೊಂಡು ಅದನ್ನು ಸವರಿದಳು, ಸವರಿದಳು, ಕೇಳಿಸದಷ್ಟು ಸಣ್ಣದಾಗುವವರೆಗೆ.

ನೇಮಿನಾಥ ನನ್ನ ತೋಳು ಹಿಡಿದ.

“ಅವ್ವಾ, ಮಾಣಿಕಕ್ಕನ್ನ ಯಾಕ ಕರದಿ?”

ನಾನು ತುಟಿ ಬಿಚ್ಚಿರಲಿಲ್ಲ.

೨ ನವೆಂಬರ್

ಮುಂಬೈಯವನು ಅಲ್ಲೇ ಜಾಗ ಕೊಟ್ಟು ಹೋಗಿದ್ದಾನೆ. ಆದರೆ ಹುಡುಗಿ ಇವತ್ತು ಕೋಲುಗಳನ್ನು ತಂದು ನನ್ನ ಕಾಲ ಹತ್ತಿರ ಹಿಡಿದಳು.

“ಸಾಕು, ಆಯಿ. ಮೂರು ತಿಂಗಳಾತು ನಿನ್ನ ದನಿ ಕೇಳಿ. ಇಡ್ತೀನಿ ಇವನ್ನ. ಏನರೆ ಅನ್ನು. ಬೈ.”

ನೆಲಕ್ಕೆ ತಾಗುವ ಮೊದಲೇ ಕೆಳಗೆ ಕೈ ಒಡ್ಡಿ ಹಿಡಿದೆ. ತಿರುಗಿ ಅವಳ ಕೈಯಲ್ಲಿಟ್ಟು ಬೆರಳು ಮಡಚಿದೆ. ಅವಳು ಅತ್ತಳು. ನಾನು ಅವಳ ಪೆಟ್ಟಿಗೆಯಲ್ಲಿ ಎಣ್ಣೆಯ ಶೀಶೆ ಇಟ್ಟೆ, ಬೊಬ್ಬೆಗೆ.

ಸಂಜೆ ಮಾತಾಜಿಯವರು ಹೇಳಿ ಕಳಿಸಿದ್ದರು, ಹೋದೆ. “ಸಿಟ್ಟಿನಾಗ ಹಿಡದ ನೇಮ, ಹೀರಾಬಾಯಿ. ಪ್ರಾಯಶ್ಚಿತ್ತ ಕೊಡ್ತೀನಿ, ಬಿಟ್ಟಬಿಡ್ರಿ. ಎರಡು ಉಪವಾಸ ಅಷ್ಟ.” ಕೈಮುಗಿದು ಬೇಡವೆಂದು ತಲೆ ಅಲ್ಲಾಡಿಸಿದೆ. ಎರಡು ಉಪವಾಸ ನನಗೇನು ದೊಡ್ಡದಲ್ಲ. ಆದರೆ ನನ್ನ ಬಾಯಿ ತೆರೆದರೆ ಅವಳ ಕೈ ಏನಾಗುತ್ತದೋ ಯಾರಿಗೆ ಗೊತ್ತು?

೨೧ ನವೆಂಬರ್

ಋತುಜಾ ಹೋಗಿ ಹದಿಮೂರು ದಿನ. ಮಾಳಿಗೆಯ ಮೇಲೆ ಡ್ರಮ್ಮುಗಳಿದ್ದ ಜಾಗದಲ್ಲಿ ದುಂಡನೆಯ ಗುರುತುಗಳಿವೆ. ಅನುಸೂಯಾ ಒರೆಸಲು ಹೋದಳು. ಕೈ ಅಡ್ಡ ಹಿಡಿದು ತಡೆದೆ.

ಈಗಷ್ಟೇ ಮುಂಬೈಯಿಂದ ಫೋನು. ಅನುಸೂಯಾ ರಿಸೀವರನ್ನು ನನ್ನ ಕಿವಿಗೆ ಹಿಡಿದಳು.

“ಆಯಿ, ಛಂದ ನಡದದ. ನೀ ಅಲ್ಲಿಂದ ಬೈದದ್ದೆಲ್ಲಾ ಇಲ್ಲಿ ಮುಟ್ಟತದ ನೋಡು!” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಆದ್ರ ಇವತ್ತ ಎರಡು ಗಂಟೆಕ್ಕ ಏನಂದಿ? ಅದು ನಿನ್ನ ಹಂಗಿರಲಿಲ್ಲ. ಸಣ್ಣ ಹುಡಿಗಿ ದನಿ ಇದ್ದಂಗ ಇತ್ತು. ಬರಿಗಾಲಲೆ ನಡದಂಗ ಬಂತು. ಕಡೀಕ ಎರಡ ಮಾತ ತಿಳದ್ವು. ಬಂದೇನಿ, ಬಾಗಿಲಾ ತಗಿ. ಯಾರಿಗಂದಿ, ಆಯಿ?”

ಎರಡು ಗಂಟೆಗೆ ನಾನು ಮಲಗಿದ್ದೆ. ಏನೂ ಅಂದಿಲ್ಲ.

ಫೋನು ಇಟ್ಟು ಎದ್ದೆ. ಬಿಸಿಲಿಗೆಂದು ಹಾಕಿದ್ದ ಮುಂಬಾಗಿಲಿನ ಅಗಳಿ ತೆಗೆದು ಎರಡೂ ಕದ ಪೂರ್ತಿ ತೆರೆದೆ. ಓಣಿಯಲ್ಲಿ ಯಾರೂ ಇರಲಿಲ್ಲ.

“ಯಾರು ಬಂದ್ರು, ಅತ್ತಿ?” ಅನುಸೂಯಾ ಒಳಗಿನಿಂದ ಕೇಳಿದಳು.

ಒಂದು ತಂಬಿಗೆ ನೀರು ತಾ ಎಂದು ಕೈಸನ್ನೆ ಮಾಡಿದೆ.